ಕಾರು ಕೊಳ್ಳುವ ಮುಂಚೆ ನಕ್ಷತ್ರ ಎಣಿಸಿ



ಹಿಂದೆಲ್ಲ ನಮ್ಮ ಸಂಘಗಳಲ್ಲಿ ಸಾಲದ ಅರ್ಜಿ ಎಂದರೆ ಹಸು, ಹೊಲಿಗೆ ಮೆಷಿನ್, ಮನೆ ರಿಪೇರಿ, ಮಕ್ಕಳ ಫೀಸು ಇಷ್ಟೇ ಇರುತ್ತಿತ್ತು. ಈಗ ಅರ್ಜಿಗಳ ಮಧ್ಯೆ ಕಾರು ಕೂಡ ಕಾಣಿಸಿಕೊಳ್ಳುತ್ತಿದೆ. ಮಗ ಬಾಡಿಗೆಗೆ ಓಡಿಸಲು ಸೆಕೆಂಡ್ ಹ್ಯಾಂಡ್ ಕಾರು ತೆಗೆಯುತ್ತಾನೆ, ಅಳಿಯನಿಗೆ ಟ್ಯಾಕ್ಸಿ ಬೇಕು, ಹೀಗೆ. ಸಭೆಯಲ್ಲಿ ನಾವೆಲ್ಲ ಪ್ರಶ್ನೆ ಕೇಳುತ್ತೇವೆ. ಎಷ್ಟು ಕಿಲೋಮೀಟರ್ ಓಡಿದೆ? ಮೈಲೇಜ್ ಎಷ್ಟು? ಆರ್.ಸಿ. ಯಾರ ಹೆಸರಲ್ಲಿದೆ? ತಿಂಗಳ ಕಂತು ಎಷ್ಟು ಬೀಳುತ್ತದೆ? ಎಲ್ಲ ಒಳ್ಳೆಯ ಪ್ರಶ್ನೆಗಳೇ. ಆದರೆ "ಈ ಕಾರು ಎಲ್ಲಾದರೂ ಗುದ್ದಿದರೆ ಒಳಗೆ ಕೂತವರ ಗತಿ ಏನು?" ಅಂತ ಕೇಳುವವರು ಬಹಳ ಕಡಿಮೆ. ಈ ಪ್ರಶ್ನೆಗೆ ಉತ್ತರ ಸಿಗುವ ದಾರಿ ಈಗ ನಮ್ಮ ದೇಶದಲ್ಲೂ ಇದೆ. ಅದರ ಬಗ್ಗೆ ತಿಳಿಯೋಣ.

ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಇವರಲ್ಲಿ ಹೆಚ್ಚಿನವರು ದ್ವಿಚಕ್ರ ವಾಹನದವರು ಮತ್ತು ನಡೆದು ಹೋಗುವವರು, ಅದನ್ನು ಮರೆಯಬಾರದು. ಆದರೂ ಸೀಟ್ ಬೆಲ್ಟ್ ಹಾಕದೆ ಸತ್ತವರೇ 16,715 ಮಂದಿ. ಅವರಲ್ಲಿ ಅರ್ಧದಷ್ಟು, ಅಂದರೆ 8,331 ಜನ, ಡ್ರೈವರ್‌ಗಳಲ್ಲ, ಸುಮ್ಮನೆ ಕೂತಿದ್ದ ಪ್ರಯಾಣಿಕರು. ನಾವು ಹೆಂಗಸರು ಕಾರಿನಲ್ಲಿ ಸಾಮಾನ್ಯವಾಗಿ ಎಲ್ಲಿ ಕೂರುತ್ತೇವೆ ಅಂತ ಒಮ್ಮೆ ಯೋಚಿಸಿ.

ಗುದ್ದಿಸಿ ನೋಡುವ ಪರೀಕ್ಷೆ

ಮಡಕೆ ಕೊಳ್ಳುವಾಗ ನಾವು ಬೆರಳಿನಿಂದ ತಟ್ಟಿ ಶಬ್ದ ಕೇಳುತ್ತೇವೆ. ಕಾರಿಗೆ ತಟ್ಟಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಹೊಸ ಕಾರನ್ನೇ ತಂದು ಬೇಕೆಂದೇ ಗುದ್ದಿಸಿ ನೋಡುತ್ತಾರೆ. ಇದಕ್ಕೆ ಕ್ರ್ಯಾಶ್ ಟೆಸ್ಟ್ ಎನ್ನುತ್ತಾರೆ.

ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಎಳೆದು ತಂದು, ಎದುರಿನಿಂದ ಇನ್ನೊಂದು ಗಾಡಿ ಬಂದು ಗುದ್ದಿದಂತೆ, ಒಂದು ತಡೆಗೆ ಹೊಡೆಸುತ್ತಾರೆ. ಆ ತಡೆಯ ಮುಂಭಾಗ ಜೇನುಗೂಡಿನಂತೆ ಕಣ್ಣುಕಣ್ಣಾಗಿರುವ ಅಲ್ಯೂಮಿನಿಯಂನದು. ಕಾರಿನ ಮೂತಿ ಪೂರ್ತಿ ತಾಗುವುದಿಲ್ಲ, ಡ್ರೈವರ್ ಕಡೆಯ ನೂರಕ್ಕೆ ನಲವತ್ತು ಭಾಗ ಮಾತ್ರ ತಾಗುತ್ತದೆ. ಓವರ್‌ಟೇಕ್ ಮಾಡಲು ಹೋಗಿ ಎದುರು ಗಾಡಿಗೆ ಹೊಡೆಯುವುದು ಹೀಗೇ ಅಲ್ಲವೇ?

64 ಕಿಲೋಮೀಟರ್ ಏನು ಮಹಾ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಆ ವೇಗದಲ್ಲಿ ಹೋಗಿ ಗುದ್ದುವುದು ಸುಮಾರು 53 ಅಡಿ ಎತ್ತರದಿಂದ ನೆಲಕ್ಕೆ ಬಿದ್ದಷ್ಟು ಪೆಟ್ಟು. ದೊಡ್ಡ ತೆಂಗಿನಮರದ ತುದಿಯಿಂದ ಬಿದ್ದ ಹಾಗೆ. 50 ಕಿಲೋಮೀಟರ್ ವೇಗವಾದರೂ 32 ಅಡಿ, ಅಂದರೆ ಮೂರನೇ ಮಹಡಿಯಿಂದ ಬಿದ್ದಂತೆ.

ಒಳಗೆ ಮನುಷ್ಯರ ಬದಲು ಮನುಷ್ಯರಷ್ಟೇ ತೂಕದ ಬೊಂಬೆಗಳನ್ನು ಬೆಲ್ಟ್ ಹಾಕಿ ಕೂರಿಸುತ್ತಾರೆ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಬೊಂಬೆಗಳು. ಬೊಂಬೆಯ ತಲೆ, ಕುತ್ತಿಗೆ, ಎದೆ, ಮೊಣಕಾಲುಗಳಲ್ಲಿ ಪೆಟ್ಟು ಅಳೆಯುವ ಉಪಕರಣಗಳಿರುತ್ತವೆ. ಮುಖಕ್ಕೆ ಬಣ್ಣ ಬಳಿದಿರುತ್ತಾರೆ. ಗುದ್ದಿದ ಮೇಲೆ ಬಣ್ಣ ಎಲ್ಲಿ ಹತ್ತಿದೆ ನೋಡಿದರೆ ತಲೆ ಎಲ್ಲಿಗೆ ಬಡಿಯಿತು ಅಂತ ಗೊತ್ತಾಗುತ್ತದೆ. ಪಕ್ಕದಿಂದಲೂ ಗುದ್ದಿಸುತ್ತಾರೆ. ಎಲ್ಲ ಅಂಕ ಕೂಡಿಸಿ ಕಾರಿಗೆ ನಕ್ಷತ್ರ ಕೊಡುತ್ತಾರೆ. ಐದು ನಕ್ಷತ್ರ ಅತ್ಯುತ್ತಮ.

"ಈಗಿನ ಕಾರು ಬರೀ ತಗಡು, ಹಳೆ ಕಾಲದ ಗಾಡಿ ಕಬ್ಬಿಣದ ಹಾಗೆ ಗಟ್ಟಿ" ಎಂದು ಗಂಡಸರು ಹೇಳುವುದನ್ನು ಕೇಳಿದ್ದೀರಿ. ಇದು ತಪ್ಪು ತಿಳಿವಳಿಕೆ. ಕಾರಿನ ಮೂತಿ ನಜ್ಜುಗುಜ್ಜಾಗಬೇಕು, ಆಗ ಅದು ಪೆಟ್ಟನ್ನು ತಾನು ನುಂಗುತ್ತದೆ. ಆದರೆ ಜನ ಕೂರುವ ಗೂಡು ಮಾತ್ರ ಮುರಿಯಬಾರದು. ಅಮೆರಿಕದಲ್ಲಿ 2009ರಲ್ಲಿ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯವರು 1959ರ ಶೆವರ್ಲೆ ಬೆಲ್ ಏರ್ ಎಂಬ ಭಾರೀ ಹಳೆ ಕಾರನ್ನೂ 2009ರ ಶೆವರ್ಲೆ ಮಾಲಿಬು ಕಾರನ್ನೂ ಎದುರುಬದುರು ಗುದ್ದಿಸಿದರು. ಹೊಸ ಕಾರಿನ ಡ್ರೈವರ್ ಬೊಂಬೆಗೆ ಕಾಲಿಗೆ ಮಾತ್ರ ಸ್ವಲ್ಪ ಪೆಟ್ಟು. ಹಳೆಯ 'ಗಟ್ಟಿ' ಕಾರಿನಲ್ಲಿದ್ದದ್ದು ಮನುಷ್ಯನಾಗಿದ್ದರೆ ಬದುಕುತ್ತಿರಲಿಲ್ಲ.

ಕಂಪನಿಗಳು ತಾವಾಗಿ ಬದಲಾಗಲಿಲ್ಲ

ಈ ಪರೀಕ್ಷೆಗಳು ಸುಲಭವಾಗಿ ಬಂದದ್ದಲ್ಲ. ಮೊದಲೆಲ್ಲ ಅಪಘಾತವಾದರೆ ಡ್ರೈವರನದೇ ತಪ್ಪು ಎಂದು ಮಾತು ಮುಗಿಸುತ್ತಿದ್ದರು. 1965ರಲ್ಲಿ ಅಮೆರಿಕದ ರಾಲ್ಫ್ ನಾಡರ್ ಎಂಬ ಯುವ ವಕೀಲರು ಪುಸ್ತಕ ಬರೆದು, ಕಾರು ತಯಾರಿಸುವವರೇ ಸುರಕ್ಷತೆಗೆ ಖರ್ಚು ಮಾಡುತ್ತಿಲ್ಲ ಎಂದು ಹೇಳಿದರು. ಜನರಲ್ ಮೋಟಾರ್ಸ್ ಕಂಪನಿ ಅವರ ಹಿಂದೆ ಪತ್ತೇದಾರರನ್ನು ಬಿಟ್ಟಿತು. ವಿಷಯ ಹೊರಬಂದು, 1966ರಲ್ಲಿ ಸೆನೆಟ್ ಮುಂದೆ ಕಂಪನಿಯ ಅಧ್ಯಕ್ಷರೇ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಲ್ಲಿ ವಾಹನ ಸುರಕ್ಷತಾ ಕಾನೂನು ಬಂತು. 1979ರಲ್ಲಿ ಅಲ್ಲಿನ ಸರ್ಕಾರವೇ ಕಾರು ಗುದ್ದಿಸಿ ಫಲಿತಾಂಶವನ್ನು ಜನರಿಗೆ ತಿಳಿಸಲು ಶುರು ಮಾಡಿತು.

ಯುರೋಪಿನಲ್ಲಿ ಯೂರೋ ಎನ್‌ಕ್ಯಾಪ್ ಎಂಬ ಸಂಸ್ಥೆ 1997ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿತು. ನಾಲ್ಕು ನಕ್ಷತ್ರ ಯಾವ ಕಾರಿಗೂ ಸಿಗುವ ಹಾಗಿಲ್ಲ, ಪರೀಕ್ಷೆಯೇ ಅತಿಯಾಯಿತು ಎಂದು ಕಂಪನಿಗಳು ಕೂಗಾಡಿದವು. ಕೆಲವೇ ತಿಂಗಳಲ್ಲಿ ವೋಲ್ವೋ ಕಾರಿಗೆ ನಾಲ್ಕು ನಕ್ಷತ್ರ ಬಂತು! 2001ರಲ್ಲಿ ರೆನೋ ಕಂಪನಿಯ ಕಾರು ಐದು ಪಡೆಯಿತು. ಆಗುವುದಿಲ್ಲ ಎಂದವರೇ ಮಾಡಿ ತೋರಿಸಿದರು, ಯಾಕೆಂದರೆ ಗಿರಾಕಿಗಳು ನೋಡುತ್ತಿದ್ದರು.

ನಮ್ಮ ದೇಶದ ಕಥೆ 2014ರ ಜನವರಿಯಲ್ಲಿ ಶುರುವಾಯಿತು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸ್ವತಂತ್ರ ಸಂಸ್ಥೆ ನಮ್ಮಲ್ಲಿ ಹೆಚ್ಚು ಮಾರಾಟವಾಗುತ್ತಿದ್ದ ಐದು ಚಿಕ್ಕ ಕಾರುಗಳನ್ನು ಗುದ್ದಿಸಿ ನೋಡಿತು: ಮಾರುತಿ ಆಲ್ಟೋ 800, ಟಾಟಾ ನ್ಯಾನೋ, ಹುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ಏರ್‌ಬ್ಯಾಗ್ ಇಲ್ಲದ ಮಾದರಿಗಳಲ್ಲಿ ದೊಡ್ಡವರ ಸುರಕ್ಷತೆಗೆ ಐದಕ್ಕೂ ಸೊನ್ನೆ. ಆಲ್ಟೋ, ನ್ಯಾನೋ, ಐ10 ಈ ಮೂರರಲ್ಲಿ ಕೂರುವ ಗೂಡೇ ಕುಸಿಯಿತು. ಅಂಥ ಕಾರಿಗೆ ಬರೀ ಏರ್‌ಬ್ಯಾಗ್ ಹಾಕಿದರೂ ಹೆಚ್ಚು ಉಪಯೋಗವಿಲ್ಲ. ಗೂಡು ಗಟ್ಟಿಯಿದ್ದ ಪೋಲೊ ಕಾರನ್ನು ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂತು. ಆ ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೊ ಮಾರಾಟವನ್ನೇ ನಿಲ್ಲಿಸಿತು.

ಇಲ್ಲಿ ಒಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸೊನ್ನೆ ಬಂದ ಆ ಕಾರುಗಳು ಯಾವ ಕಾನೂನನ್ನೂ ಮುರಿದಿರಲಿಲ್ಲ. ಹೀಗೆ ಗುದ್ದಿಸಿ ಪಾಸಾಗಬೇಕು ಎಂಬ ಕಾನೂನೇ ಆಗ ನಮ್ಮಲ್ಲಿ ಇರಲಿಲ್ಲ. ಬಡವರಿಗೆ ಅಗ್ಗದ ಕಾರು ಬೇಕು, ಸುರಕ್ಷತೆ ಸೇರಿಸಿದರೆ ರೇಟು ಜಾಸ್ತಿಯಾಗುತ್ತದೆ ಎಂಬ ವಾದವನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಬಡವರ ಜೀವಕ್ಕೂ ರೇಟು ಕಡಿಮೆಯೇ? ಮ್ಯೂಸಿಕ್ ಸಿಸ್ಟಂ, ಅಲಾಯ್ ಚಕ್ರಗಳಿಗೆ ಹಣ ಹೊಂದಿಸುವ ಗಿರಾಕಿ ಏರ್‌ಬ್ಯಾಗಿಗೆ ಹೊಂದಿಸಲಾರನೇ?

ಸುದ್ದಿ ಹರಡಿದ ಮೇಲೆ ಕಾನೂನು ಒಂದೊಂದಾಗಿ ಬಂತು. 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರ್‌ನಿಂದ ಎಲ್ಲ ಕಾರುಗಳಿಗೆ ಗುದ್ದು ಪರೀಕ್ಷೆ ಕಡ್ಡಾಯವಾಯಿತು. ಅದರ ವೇಗ 56 ಕಿಲೋಮೀಟರ್. 2019ರ ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್, 2022ರ ಆರಂಭದಿಂದ ಹೊಸದಾಗಿ ತಯಾರಾಗುವ ಎಲ್ಲ ಕಾರುಗಳಲ್ಲೂ ಮುಂದಿನ ಎರಡು ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಶಾಲೆ ಮಕ್ಕಳನ್ನು ತುಂಬಿಕೊಂಡು ಓಡುತ್ತಿದ್ದ ಮಾರುತಿ ಓಮ್ನಿ ಗೊತ್ತಲ್ಲ, ಡ್ರೈವರನ ಮೊಣಕಾಲಿನ ಮುಂದೆ ತಗಡು ಬಿಟ್ಟರೆ ಏನೂ ಇಲ್ಲದ ಗಾಡಿ, ಅದು 2019ರಲ್ಲಿ ತಯಾರಿಕೆ ನಿಲ್ಲಿಸಿತು. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ಸುರಕ್ಷತೆಗೆ ಐದು ನಕ್ಷತ್ರ ಪಡೆಯಿತು. ಭಾರತದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಕಾರಿಗೆ ಅದೇ ಮೊದಲು. ನ್ಯಾನೋ ಮಾಡಿದ ಕಂಪನಿಯೇ ಇದನ್ನೂ ಮಾಡಿತು, ನೋಡಿ.

ನಮ್ಮದೇ ನಕ್ಷತ್ರ

2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪದ್ಧತಿ ಜಾರಿಗೆ ಬಂದಿದೆ. ಎದುರಿನಿಂದ 64, ಪಕ್ಕದಿಂದ 50 ಕಿಲೋಮೀಟರ್ ವೇಗದಲ್ಲಿ ಪರೀಕ್ಷೆ. ದೊಡ್ಡವರ ಸುರಕ್ಷತೆಗೆ 32 ಅಂಕ, ಮಕ್ಕಳ ಸುರಕ್ಷತೆಗೆ 49 ಅಂಕ. ಇವೆರಡಕ್ಕೂ ನಕ್ಷತ್ರ ಬೇರೆ ಬೇರೆ. ಷೋರೂಮಿನವರು ದೊಡ್ಡವರ ನಕ್ಷತ್ರ ಮಾತ್ರ ಹೇಳಿದರೆ "ಮಕ್ಕಳದ್ದು ಎಷ್ಟು?" ಎಂದು ಧೈರ್ಯವಾಗಿ ಕೇಳಿ. ಫಲಿತಾಂಶ ಭಾರತ್ ಎನ್‌ಕ್ಯಾಪ್ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಮೊಬೈಲಿನಲ್ಲಿ ಐದು ನಿಮಿಷದಲ್ಲಿ ತೆಗೆದು ಕೊಡುತ್ತಾರೆ.

ಕೊರತೆಗಳೂ ಇವೆ. ಇದು ಕಡ್ಡಾಯವಲ್ಲ, ಆದ್ದರಿಂದ ನಕ್ಷತ್ರವೇ ಇಲ್ಲದ ಕಾರುಗಳೂ ಮಾರಾಟವಾಗುತ್ತವೆ. ಆಟೊ, ಬಸ್ಸು, ಡ್ರೈವರ್ ಬಿಟ್ಟು ಎಂಟಕ್ಕಿಂತ ಹೆಚ್ಚು ಜನ ಕೂರುವ ವ್ಯಾನುಗಳು ಇದರಲ್ಲಿ ಬರುವುದಿಲ್ಲ. ನಾವು ಒಕ್ಕೂಟದ ಸಭೆಗೆ, ಮದುವೆಗೆ ಹೋಗುವುದು ಇಂಥವುಗಳಲ್ಲೇ. ಮತ್ತೆ, ನಕ್ಷತ್ರ ಶಾಶ್ವತವೂ ಅಲ್ಲ. ಯುರೋಪಿನಲ್ಲಿ ಫಿಯಟ್ ಪುಂಟೊ 2005ರಲ್ಲಿ ಐದು ಪಡೆದಿತ್ತು, ನಿಯಮಗಳು ಬಿಗಿಯಾದ ಮೇಲೆ 2017ರಲ್ಲಿ ಅದಕ್ಕೆ ಸೊನ್ನೆ ಬಂತು. ಆದ್ದರಿಂದ ಯಾವ ವರ್ಷದ ಪರೀಕ್ಷೆ, ಯಾವ ಮಾದರಿಗೆ ಅಂತ ನೋಡಬೇಕು.

ಇನ್ನೊಂದು ಮಾತು, ಇದು ನಮಗೆ ನೇರವಾಗಿ ಸಂಬಂಧಪಟ್ಟದ್ದು. ಬಹಳ ವರ್ಷ ಈ ಪರೀಕ್ಷೆಗಳ ಬೊಂಬೆಗಳನ್ನು ಸರಾಸರಿ ಗಂಡಸಿನ ಮೈಕಟ್ಟಿಗೇ ಮಾಡುತ್ತಿದ್ದರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಿನಿಂದ ಗುದ್ದಿದಾಗ ಬೆಲ್ಟ್ ಹಾಕಿದ್ದ ಹೆಂಗಸರಿಗೆ ಗಂಭೀರ ಗಾಯವಾಗುವ ಸಂಭವ ಗಂಡಸರಿಗಿಂತ ಶೇಕಡಾ 73ರಷ್ಟು ಹೆಚ್ಚು ಎಂದು ಕಂಡಿತು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಎಂಬ ವಿಜ್ಞಾನಿ ಸರಾಸರಿ ಹೆಂಗಸಿನ ಅಳತೆಯ ಬೊಂಬೆ ತಯಾರಿಸುವ ಕೆಲಸ ಮಾಡಿದ್ದಾರೆ. ಒಬ್ಬ ಹೆಂಗಸು ಕೇಳುವವರೆಗೆ ಎಷ್ಟು ವರ್ಷ ಬೇಕಾಯಿತು!

ತೊಡೆಯ ಮೇಲಿನ ಮಗು

ಐದು ನಕ್ಷತ್ರದ ಕಾರೂ ಬೆಲ್ಟ್ ಹಾಕದವರನ್ನು ಕಾಪಾಡಲಾರದು. ಆ ಬೊಂಬೆಗಳೆಲ್ಲ ಬೆಲ್ಟ್ ಹಾಕಿಯೇ ಕೂತಿರುತ್ತವೆ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ಬೆಲ್ಟ್ ಇಲ್ಲದೆ ಮುಂದಕ್ಕೆ ಎಗರಿದವರಿಗೆ ಅದರಿಂದಲೇ ಪೆಟ್ಟಾಗಬಹುದು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡರು. ದುಬಾರಿ ಕಾರು, ಹಿಂದಿನ ಸೀಟು. ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಹಿಂದೆ ಕೂತವರು ಮುಂದಕ್ಕೆ ಹಾರಿದರೆ ಮುಂದಿನವರ ಜೀವವೂ ಹೋಗಬಹುದು.

ಮಗುವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದಿದ್ದೇನೆ ಎಂಬುದು ಬರೀ ಸಮಾಧಾನ. ಗುದ್ದಿದ ಕ್ಷಣದಲ್ಲಿ ಹತ್ತು ಕಿಲೋ ಮಗು ಮುನ್ನೂರು ಕಿಲೋದಷ್ಟು ಜೋರಿನಲ್ಲಿ ಮುಂದಕ್ಕೆ ಎಳೆಯಬಹುದು. ಯಾವ ತಾಯಿಯ ಕೈಯೂ ಹಿಡಿಯಲಾರದು. ಒಂದೇ ಬೆಲ್ಟಿನೊಳಗೆ ಮಗುವನ್ನೂ ಸೇರಿಸಿಕೊಂಡರೆ ಇನ್ನೂ ಕೆಟ್ಟದ್ದು, ನಮ್ಮ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಚಿಕ್ಕ ಮಕ್ಕಳಿಗೆ ಬೇರೆ ಸೀಟು ಸಿಗುತ್ತದೆ, ಅದನ್ನು ಹಿಂದಿನ ಸೀಟಿಗೇ ಕಟ್ಟಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಬರೆದಿದೆ. ಬಸುರಿಯರೂ ಬೆಲ್ಟ್ ಹಾಕಬೇಕು: ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ತೊಡೆಯ ಸಂದಿಗೆ, ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಬರಬೇಕು. ಕಾರು ಕಲಿಯುತ್ತಿರುವ ಅಕ್ಕಂದಿರು ಸ್ಟೀರಿಂಗಿಗೆ ಎದೆ ತಾಗುವಷ್ಟು ಹತ್ತಿರ ಕೂರಬೇಡಿ, ಒಂದು ಗೇಣಿಗಿಂತ ಹೆಚ್ಚು, ಹತ್ತು ಇಂಚಾದರೂ ಅಂತರ ಇರಲಿ.

ಕೆಟ್ಟರೆ ಯಾರನ್ನು ಕೇಳುವುದು?

ಅಪಘಾತವಾದಾಗ ಏರ್‌ಬ್ಯಾಗ್ ತೆರೆಯದಿದ್ದರೆ? 2017ರಲ್ಲಿ ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ ಒಂದು ಹುಂಡೈ ಕ್ರೆಟಾ ಕಾರಿನಲ್ಲಿ ಹೀಗೇ ಆಯಿತು. ಗಾಯಗೊಂಡ ಮಾಲೀಕರು ಗ್ರಾಹಕ ಆಯೋಗಕ್ಕೆ ಹೋದರು. ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿತು. 2022ರ ಏಪ್ರಿಲ್‌ನಲ್ಲಿ ಕೋರ್ಟು ಮಾಲೀಕರ ಪರವಾಗಿಯೇ ಹೇಳಿತು: ಮೂರು ಲಕ್ಷ ಪರಿಹಾರ, ಜೊತೆಗೆ ಕಾರು ಬದಲಾಯಿಸಿ ಕೊಡಬೇಕು. ಎಷ್ಟು ವೇಗಕ್ಕೆ ಎಷ್ಟು ಬಲ ಎಂದು ಲೆಕ್ಕ ಹಾಕಲು ಗ್ರಾಹಕನೇನೂ ಭೌತಶಾಸ್ತ್ರದ ಪಂಡಿತನಲ್ಲ ಎಂಬುದು ಕೋರ್ಟಿನ ಮಾತಿನ ತಾತ್ಪರ್ಯ.

ಇಂಥ ದೂರಿಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ಲು, ಸರ್ವಿಸ್ ಕಾಗದ, ಆಸ್ಪತ್ರೆ ಚೀಟಿ, ಫೋಟೊ ಎಲ್ಲ ತೆಗೆದಿಡಿ.

ಇನ್ನು ಸೆಕೆಂಡ್ ಹ್ಯಾಂಡ್ ಕಾರು. ನಮ್ಮ ಅರ್ಜಿಗಳಲ್ಲಿ ಬರುವುದು ಹೆಚ್ಚಾಗಿ ಇವೇ. 2022ಕ್ಕಿಂತ ಮುಂಚಿನ ಕಾರಾದರೆ ಏರ್‌ಬ್ಯಾಗ್ ಇದೆಯೇ, ಎಷ್ಟು, ಅಂತ ಕೇಳಿ. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿಯೇ ಇದ್ದರೂ ದೋಷ, ಹತ್ತದೇ ಇದ್ದರೂ ದೋಷ. ಹಿಂದಿನ ಸೀಟಿನ ಬೆಲ್ಟ್ ಕವರಿನ ಅಡಿಯಲ್ಲಿ ಹೂತುಹೋಗಿದ್ದರೆ ಹೊರಗೆ ತೆಗೆಸಿ, ಜೋರಾಗಿ ಒಮ್ಮೆ ಎಳೆದು ನೋಡಿ, ತಟ್ಟನೆ ಹಿಡಿದುಕೊಳ್ಳಬೇಕು. ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ತೆಗೆಸಿ. ಅದು ಮೂತಿ ಪೆಟ್ಟು ನುಂಗುವುದನ್ನು ತಡೆಯುತ್ತದೆ, ಏರ್‌ಬ್ಯಾಗ್ ತೆರೆಯುವ ಲೆಕ್ಕವನ್ನೂ ಕೆಡಿಸಬಹುದು, ದಾರಿಯಲ್ಲಿ ನಡೆಯುವವರಿಗಂತೂ ಅಪಾಯವೇ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ಇಂಥ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ.

ಮುಂದಿನ ಸಲ ಕಾರಿನ ಸಾಲದ ಅರ್ಜಿ ಬಂದಾಗ ಮೈಲೇಜಿನ ಜೊತೆಗೆ ನಕ್ಷತ್ರ ಎಷ್ಟು, ಏರ್‌ಬ್ಯಾಗ್ ಎಷ್ಟು, ಹಿಂದಿನ ಬೆಲ್ಟ್ ಸರಿಯಿದೆಯೇ ಎಂಬ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿ. ಓದಲು ಬರುವ ಸದಸ್ಯೆಯೊಬ್ಬರು ಕಾರು ನೋಡಲು ಜೊತೆಗೆ ಹೋಗಿ ಬರಲಿ.