ಊದುವ ಮುನ್ನ ಹಾಡಿ ನೋಡಿ

ಪೊಲೀಸ್ ಬ್ಯಾಂಡು ಹಾದುಹೋಗುವಾಗ ಎದೆಗೆ ತಟ್ಟುವಂಥ ಗಂಭೀರ ನಾದವೊಂದು ಕೇಳಿಬರುತ್ತದಲ್ಲವೆ? ಅದು ಟ್ಯೂಬಾ. 1835ರಲ್ಲಿ ಬರ್ಲಿನ್ನಿನಲ್ಲಿ ಪೇಟೆಂಟು ಪಡೆದ ಈ ಹಿತ್ತಾಳೆ ವಾದ್ಯದ ಸುರುಳಿಯನ್ನು ಬಿಡಿಸಿದರೆ, ದೊಡ್ಡ ಬಗೆಯದು ಸುಮಾರು 18 ಅಡಿ ಉದ್ದವಾದೀತು! ಕೊಳವೆ ಉದ್ದವಾದಷ್ಟೂ ಒಳಗಿನ ಗಾಳಿಯ ಕಂಪನ ನಿಧಾನ, ಸ್ವರ ತಗ್ಗು. ತಗ್ಗು ಸ್ವರಕ್ಕೆ ಗಾಳಿಯೂ ಹೆಚ್ಚು ಬೇಕು.

ಕಲಿಯುವ ಹುಡುಗರು ಎಡವುವುದು ಇಲ್ಲಿಯೇ. ಮೊದಲ ವಾರವೇ ವೇಗದ ಸಿನಿಮಾ ಹಾಡು ಹಿಡಿಯುತ್ತಾರೆ. ಅರ್ಧಕ್ಕೇ ಉಸಿರು ಮುಗಿಯುತ್ತದೆ. ವಾದ್ಯವನ್ನು ತುಟಿಗೆ ಒತ್ತಿ ಹಿಡಿಯುತ್ತಾರೆ, ತುಟಿ ನೋಯುತ್ತದೆ. 'ಹುಡುಗನಿಗೆ ದಮ್ಮಿಲ್ಲ' ಎಂದು ಪಾಲಕರು ವಾದ್ಯವನ್ನೇ ಬಿಡಿಸಿಬಿಡುತ್ತಾರೆ. ಆದರೆ ತಪ್ಪು ದಮ್ಮಿನದಲ್ಲ, ಆರಿಸಿಕೊಂಡ ಪಾಠದ್ದು. 1944ರಿಂದ 1988ರವರೆಗೆ ಶಿಕಾಗೋ ಸಿಂಫೊನಿಯಲ್ಲಿ ಟ್ಯೂಬಾ ನುಡಿಸಿದ ಆರ್ನಾಲ್ಡ್ ಜೇಕಬ್ಸ್ ಅವರಿಗೆ ಅಸ್ತಮಾ ಇತ್ತು! ಮನಸ್ಸಿನಲ್ಲಿ ಹಾಡು, ತುಟಿಯಲ್ಲಿ ಗಾಳಿ: ಅವರ ಬೋಧನೆಯ ತಿರುಳು ಇಷ್ಟೆ.

ಇಟಲಿಯ ಗಾಯನ ಶಿಕ್ಷಕ ಬೊರ್ದೋನಿ ಹಾಡುಗಾರರಿಗಾಗಿ ಬರೆದ ಪಾಠಗಳನ್ನು ಟ್ಯೂಬಾ ವಿದ್ಯಾರ್ಥಿಗಳು ಇಂದಿಗೂ ಅಭ್ಯಾಸ ಮಾಡುತ್ತಾರೆ. ಹಾಡುಗಾರನಿಗೂ ಊದುವವನಿಗೂ ಉಸಿರೇ ಅಳತೆಗೋಲು ಎಂಬುದೇ ಇದಕ್ಕೆ ಕಾರಣ.

ಈ ಮಾತು ನಮ್ಮ ಸೀಮೆಗೆ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪಂಚಾಕ್ಷರಿ ಗವಾಯಿಗಳು (1892–1944) ಹಾಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಹುಟ್ಟಿದ್ದು ಹಾನಗಲ್ ತಾಲ್ಲೂಕಿನಲ್ಲಿ. ಹಲವು ವಾದ್ಯ ನುಡಿಸುತ್ತಿದ್ದ ಪುಟ್ಟರಾಜರು ಗಾಯಕರೂ ಆಗಿದ್ದರು. ಆದ್ದರಿಂದ ಹಾನಗಲ್ಲಿರಲಿ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿರಲಿ, ಊದಲು ಕಲಿಯುವವರಿಗೆ ಪಾಠ ದೂರದಲ್ಲಿಲ್ಲ. ಶಾಲೆಯ ಪ್ರಾರ್ಥನೆ, ಮನೆಯಲ್ಲಿ ಹಾಡುವ ವಚನ, ಭಜನೆಯ ಪದ ಸಾಕು.

ಆರಿಸುವಾಗ ಮೂರು ಪರೀಕ್ಷೆ ಮಾಡಿರಿ. ಹಾಡು ಬಾಯಲ್ಲಿ ತಪ್ಪಿಲ್ಲದೆ ಬರುತ್ತದೆಯೇ? ಅದರ ಸ್ವರಗಳು ಒಂದು ಸಪ್ತಕದೊಳಗಿವೆಯೇ? ಪ್ರತಿ ಸಾಲು ಒಂದೇ ಉಸಿರಿಗೆ ಮುಗಿಯುತ್ತದೆಯೇ? ಮುಗಿಯದಿದ್ದರೆ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಗುರುತು ಹಾಕಿರಿ.

ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ಹತ್ತು ನಿಮಿಷ ಒಂದೊಂದೇ ಸ್ವರವನ್ನು ನಡುಗದಂತೆ ಉದ್ದಕ್ಕೆ ಊದಿರಿ. ಮುಂದಿನ ಹತ್ತು ನಿಮಿಷ ಬಲ್ಲ ಹಾಡು, ನಿಧಾನವಾಗಿ. ಉಳಿದದ್ದು ಸ್ವಲ್ಪ ಕಠಿಣವಾದ ಹೊಸ ಹಾಡಿಗೆ. ಭುಜ ಎತ್ತದೆ ಹೊಟ್ಟೆ ತುಂಬ ಉಸಿರೆಳೆಯಿರಿ, ಕೆನ್ನೆ ಉಬ್ಬಿಸಬೇಡಿ. ತುಟಿ ದಣಿದರೆ, ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿರಿ.

ಪಾಲಕರಿಗೊಂದು ಮಾತು: ಮೊದಲ ಕೆಲವು ತಿಂಗಳು ಮನೆಯಲ್ಲಿ ಎಮ್ಮೆ ಕೂಗಿದಂತೆಯೇ ಕೇಳಿಸೀತು. ನಗಬೇಡಿ. ಆ ಕೂಗಿನಲ್ಲಿ ಮಗು ಉಸಿರು ಹಿಡಿಯುವುದನ್ನು ಕಲಿಯುತ್ತಿದೆ.