ಬೋಳುಗುಡ್ಡದ ದ್ರಾಕ್ಷಿ, ಹಡಗಲಿಯ ಮಲ್ಲಿಗೆ

ಕಾವ್ಯಮೀಮಾಂಸೆಯಲ್ಲಿ ದ್ರಾಕ್ಷಾಪಾಕವೆಂಬ ಮಾತೊಂದುಂಟು. ಬಾಯಿಗಿಟ್ಟೊಡನೆ ರಸ ಸುರಿಸುವ ದ್ರಾಕ್ಷಿಯಂತೆ, ಓದಿದೊಡನೆ ಮನಸ್ಸನ್ನು ತಣಿಸುವ ಕಾವ್ಯಕ್ಕೆ ಆ ಹೆಸರು. ದ್ರಾಕ್ಷಿಯೆಂದರೆ ನಮಗೆ ಮಾಧುರ್ಯವೇ ಸರಿ. ಆದರೆ ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದ ಬೆಳೆಗಾರರು ಷಾರ್ಡೊನೆ ಎಂಬ ದ್ರಾಕ್ಷಿಯಿಂದ ತಯಾರಿಸುವ ಬಿಳಿಯ ವೈನಿನಲ್ಲಿ ಸಿಹಿಯೆಂಬುದೇ ಇಲ್ಲ. ಹಣ್ಣನ್ನು ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನು ಹುದುಗಲು ಬಿಡುತ್ತಾರೆ. ಅದರೊಳಗಿನ ಸಕ್ಕರೆಯನ್ನು ಯೀಸ್ಟು ಬಹುಮಟ್ಟಿಗೆ ತಿಂದು ಮುಗಿಸುತ್ತದೆ. ಉಳಿಯುವುದು ತೆಳುವಾದ ಹುಳಿ, ಪರಿಮಳ ಮತ್ತು ಅಲ್ಲಿಯವರು ಅಭಿಮಾನದಿಂದ ಹೇಳುವ ನೆಲದ ರುಚಿ. ಇಂಥ ವೈನಿಗೆ 'ಡ್ರೈ' ಎಂದು ಹೆಸರು.

ಕುಡಿತದ ಗುಣಗಾನ ಇಲ್ಲಿಯ ಉದ್ದೇಶವಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಣಬೇಸಾಯವನ್ನು ಬಲ್ಲವರಿಗೆ ಆ ಬೆಳೆಗಾರರ ಬಾಳು ತೀರ ಅಪರಿಚಿತವೆನಿಸಲಾರದು. ಅದಕ್ಕಾಗಿ ಈ ಮಾತು. 1804ರ ನೆಪೋಲಿಯನ್ ಸಂಹಿತೆಯು ತಂದೆಯ ಆಸ್ತಿ ಮಕ್ಕಳಿಗೆ ಸಮಪಾಲಾಗಬೇಕೆಂದು ವಿಧಿಸಿತು. ತಲೆಮಾರಿನಿಂದ ತಲೆಮಾರಿಗೆ ತೋಟಗಳು ತುಂಡಾದವು. ಷಾರ್ಡೊನೆಯ ಅತ್ಯಂತ ಪ್ರಸಿದ್ಧ ನೆಲವಾದ ಮೋಂರಾಷೆಯ ವಿಸ್ತಾರ ಸುಮಾರು 8 ಹೆಕ್ಟೇರ್, ಎಂದರೆ 20 ಎಕರೆ. ಅದಕ್ಕೆ 15ಕ್ಕೂ ಮಿಕ್ಕ ಒಡೆಯರು. ಮೋಂರಾಷೆ ಎಂದರೆ ಬೋಳುಗುಡ್ಡ ಎಂದರ್ಥ. ಅಂಥ ಗುಡ್ಡಗಳಿಗೆ ನಮ್ಮ ಸೀಮೆಯಲ್ಲಿ ಬರವೆ? ಆ ತಳಿಯ ಕುಲವೂ ದೊಡ್ಡದಲ್ಲ. ಕುಲೀನವೆನಿಸಿದ ಪಿನೋ ದ್ರಾಕ್ಷಿಗೂ ಬಡವರ ಹಿತ್ತಿಲಿನದೆಂದು ಕಡೆಗಣಿಸಲ್ಪಟ್ಟ ಗುಯೆ ದ್ರಾಕ್ಷಿಗೂ ಹುಟ್ಟಿದ ಸಂತಾನವದು ಎಂಬುದನ್ನು ವಿಜ್ಞಾನಿಗಳು 1999ರಲ್ಲಿ ತೋರಿಸಿಕೊಟ್ಟರು.

ಇಷ್ಟು ತುಂಡುನೆಲ ಒಂದು ಸಂಸಾರವನ್ನು ಸಾಕುವುದು ಹೇಗೆ? ಊರ ಹೆಸರಿನ ಬಲದಿಂದ. 1879ರಲ್ಲಿ ಪುಲಿನ್ಯಿ, ಷಸಾನ್ಯ ಎಂಬ ಎರಡು ಹಳ್ಳಿಗಳು ಆ ಗುಡ್ಡದ ಹೆಸರನ್ನು ತಮ್ಮ ಹೆಸರಿಗೆ ಜೋಡಿಸಿಕೊಂಡವು. ಮುಂದೆ ಕೆಲವು ವರ್ತಕರು ಎಲ್ಲೆಲ್ಲಿಯದೋ ವೈನನ್ನು ಬೆರಸಿ ಹೆಸರಾಂತ ಹಳ್ಳಿಗಳ ಹೆಸರಿನಲ್ಲಿ ಮಾರತೊಡಗಿದಾಗ, ಹಲವು ಕುಟುಂಬಗಳು ತಮ್ಮ ಮನೆಗಳಲ್ಲಿಯೇ ಸೀಸೆ ತುಂಬಲು ತೊಡಗಿದವು. 1935ರ ಕಾನೂನು ಊರ ಹೆಸರಿಗೆ ರಕ್ಷಣೆಯನ್ನು ಕೊಟ್ಟಿತು.

ಬೆಳೆಯನ್ನು ಹೆಸರಿಗೆ ಜೋಡಿಸಿಕೊಂಡ ಊರು ನಮ್ಮಲ್ಲಿಯೂ ಉಂಟು: ಹೂವಿನಹಡಗಲಿ. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹಂಪಿಗೆ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂ ಹೋಗುತ್ತಿತ್ತೆಂಬುದು ಜನರ ಹೇಳಿಕೆ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಅನ್ವಯ 'ಹಡಗಲಿ ಮಲ್ಲಿಗೆ' ನೋಂದಣಿಯನ್ನೂ ಪಡೆದಿದೆ. ದ್ರಾಕ್ಷಿಯ ವಿಷಯದಲ್ಲಿಯೂ ನಾವು ಪೂರ್ತಿ ಹೊರಗಿನವರಲ್ಲ. ನದಿಯಾಚೆ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಣ, ಉಮಾ ದಂಪತಿಗಳು ತಮ್ಮಿಬ್ಬರ ಹೆಸರನ್ನು ಬೆಸೆದು 'ಕೃಷ್ಮಾ' ಎಂದು ಕರೆದ ತೋಟದ ವೈನು ಹಂಪಿ ಬೆಟ್ಟಗಳ ಹೆಸರನ್ನು ಹೊತ್ತಿದೆ.

ಆದರೆ ಹೆಸರೊಂದೇ ಸಾಲದು. ಬೆಳಗಿನಲ್ಲಿ ಬಿಡಿಸಿದ ಮಲ್ಲಿಗೆಯ ಮೊಗ್ಗು ಸಂಜೆಗೆ ಅರಳುತ್ತದೆ, ಮರುದಿನಕ್ಕೆ ಬಾಡುತ್ತದೆ. ಆದುದರಿಂದ ಆ ದಿನ ಸಿಕ್ಕಿದ ಬೆಲೆಗೇ ಅದನ್ನು ಕೊಟ್ಟು ಮನೆಗೆ ಮರಳಬೇಕು. ಬರ್ಗಂಡಿಯ ದ್ರಾಕ್ಷಿಯೂ ಬಳ್ಳಿಯಿಂದ ಇಳಿದ ಮೇಲೆ ಬಹಳ ದಿನ ತಾಳದು. ವೈನಾಗಿ ನೆಲಮಾಳಿಗೆಯನ್ನು ಸೇರಿತೆಂದರೆ ವರ್ಷಗಟ್ಟಲೆ ಕಾಯುತ್ತದೆ. ಬೆಳೆ ಕಾದರೆ ಬೆಳೆದವನೂ ಕಾಯಬಲ್ಲ. ಕಾಯಬಲ್ಲವನು ಬೆಲೆಯನ್ನು ಕೇಳಬಲ್ಲ.

ವೈನು ನಮಗೆ ಬೇಡವಾದೀತು. ಆದರೆ ಆ ಕುಟುಂಬಗಳು ಕಂಡುಕೊಂಡ ಈ ಉಪಾಯ ಬೇಡವೆನ್ನಲು ಕಾರಣವಿಲ್ಲ. ಹೂವನ್ನು ತಂಪಿನಲ್ಲಿ ಕಾಪಿಡುವ, ಮಾರಿ ಮಿಕ್ಕುದರಿಂದ ಪರಿಮಳವನ್ನು ಇಳಿಸುವ ಕೆಲಸ ಹಡಗಲಿಯ ಬೆಳೆಗಾರರ ಕೈಯಲ್ಲಿಯೇ, ಅವರ ಹೊಲಗಳ ಸಮೀಪದಲ್ಲಿಯೇ ನಡೆಯುವಂತಾಗಬೇಕು. ನೋಂದಣಿಯ ಕಾಗದದಲ್ಲಿ ಮೂಡಿದ ಊರ ಹೆಸರಿನ ಫಲ ಆಗ ಹೂ ಬಿಡಿಸುವವರ ಕೂಲಿಯಲ್ಲಿಯೂ ಕಂಡೀತು.