ಆ ಹಸಿರಿನ ಕೆಳಗೆ ಏನಿದೆ ಗೊತ್ತಾ?

ಗಾಲ್ಫ್ ಆಡಿಲ್ಲವೇ? ಚಿಂತೆಯಿಲ್ಲ! ಟಿವಿಯಲ್ಲಾದರೂ ಆ ಹಸಿರನ್ನು ನೋಡಿರುತ್ತೀರಿ. ಬಾವುಟ ನೆಟ್ಟ ಕುಳಿಯ ಸುತ್ತಲಿನ ನುಣುಪು ಜಾಗ. ಅದರ ಹೆಸರೇ ಗ್ರೀನ್. ಚೆಂಡು ಅಲ್ಲಿ ಎಲ್ಲೂ ಎಡವುವುದಿಲ್ಲ, ಕುಣಿಯುವುದಿಲ್ಲ, ಸುಮ್ಮನೆ ಉರುಳುತ್ತದೆ. ಈಗ ಹೇಳಿ, ಅಲ್ಲಿನ ಹುಲ್ಲಿನ ಎತ್ತರ ಎಷ್ಟಿರಬಹುದು?

ಒಂದು ಇಂಚು? ಇಳಿಯಿರಿ! ಅರ್ಧ ಇಂಚು? ಇನ್ನೂ ಇಳಿಯಿರಿ! ಕಾಲು ಇಂಚು? ಊಹ್ಞೂಂ!

ಸುಮಾರು 3 ಮಿಲಿಮೀಟರ್! ಎರಡು ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಅಷ್ಟೇ! ಆಟದ ಋತುವಿನಲ್ಲಿ ಹೆಚ್ಚುಕಡಿಮೆ ದಿನವೂ ಬೆಳಗ್ಗೆ ಅದಕ್ಕೆ ಕತ್ತರಿ ಬೀಳುತ್ತದೆ. ಆಹಾರ ತಯಾರಿಸುವ ಎಲೆಗೇ ಕತ್ತರಿ! ಆದರೂ ಹುಲ್ಲು ಸಾಯುವುದಿಲ್ಲ. ಅದರ ಚಿಗುರುವ ಜೀವ ಇರುವುದು ತುದಿಯಲ್ಲಲ್ಲ, ನೆಲಕ್ಕೆ ಅಂಟಿದ ಬುಡದಲ್ಲಿ. ಬ್ಲೇಡು ಅಲ್ಲಿಗೆ ತಲುಪುವುದೇ ಇಲ್ಲ!

ಇಷ್ಟಕ್ಕೇ ಬೆರಗಾದಿರಾ? ತಾಳಿ!

ಇಷ್ಟು ಜೋಪಾನ ಮಾಡಿದ ಗ್ರೀನಿನ ಮೇಲೆ ವರ್ಷಕ್ಕೆ ಒಂದೆರಡು ಸಲ ಒಂದು ಯಂತ್ರ ಬರುತ್ತದೆ. ಏನು ಮಾಡಲು? ನೀರು ಹಾಕಲು? ಗೊಬ್ಬರ ಹಾಕಲು? ಅಲ್ಲ, ತೂತು ಕೊರೆಯಲು!

ಅರ್ಧ ಇಂಚು ಅಗಲದ ಟೊಳ್ಳು ಕೊಳವೆಗಳು ದಬದಬನೆ ನೆಲಕ್ಕಿಳಿದು ಮಣ್ಣನ್ನು ಕಿತ್ತು ಮೇಲೆ ಉಗುಳುತ್ತವೆ. ಆ ಮಣ್ಣಿನ ತುಂಡೊಂದನ್ನು ಕೈಗೆತ್ತಿಕೊಳ್ಳಿ. ಬೆರಳುದ್ದವೂ ಇಲ್ಲ. ನೆತ್ತಿಯಲ್ಲಿ ಚೂರು ಹಸಿರು. ಅದರಡಿ ಒತ್ತಿದರೆ ತಗ್ಗುವ ಕಂದು ಪದರ. ಸತ್ತ ಕಾಂಡ, ಸತ್ತ ಬೇರುಗಳ ಶೇಖರಣೆ. ಅದಕ್ಕೂ ಕೆಳಗೆ ಮರಳು, ಮರಳಿನೊಳಗೆ ಬಿಳಿ ಬೇರುಗಳು. ಕಂದು ಪದರ ದಪ್ಪವಾದರೆ ನೀರು ಮೇಲೆಯೇ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ತೂತು ಕೊರೆಯುವುದು ಆ ಬೇರು ಉಸಿರಾಡಲೆಂದು!

ಎಷ್ಟು ತೂತು? ಊಹಿಸಿ! ಎರಡೆರಡು ಇಂಚಿಗೊಂದರಂತೆ ಕೊರೆದರೆ ಒಂದು ಚದರ ಅಡಿಗೆ 36. ಗ್ರೀನ್ 5,000 ಚದರ ಅಡಿಯದಾದರೆ 1,80,000. ಮೈದಾನಕ್ಕೆ ಇಂಥ 18 ಗ್ರೀನ್. ಗುಣಿಸಿದಿರಾ?

32,40,000 ತೂತು! ಇಷ್ಟಾದರೂ ನೆಲದಿಂದ ಹೋದದ್ದು ನೂರರಲ್ಲಿ ಐದು ಪಾಲು ಮಾತ್ರ! ಹುಲ್ಲು ಚೆನ್ನಾಗಿ ಬೆಳೆಯುವ ಕಾಲವಾದರೆ ಎರಡು ಮೂರು ವಾರಗಳಲ್ಲಿ ಗಾಯ ಮಾಯ!

ತೂತುಗಳಿಗೆ ಏನು ತುಂಬುತ್ತಾರೆ? ಮರಳು! ಅದಕ್ಕೊಂದು ಕಥೆಯಿದೆ. 19ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಓಲ್ಡ್ ಟಾಮ್ ಮಾರಿಸ್ ಎಂಬ ಮಹಾನ್ ಆಟಗಾರ ಮೈದಾನ ನೋಡಿಕೊಳ್ಳುತ್ತಿದ್ದರು. ಗ್ರೀನಿನ ಮೇಲೆ ಅಕಸ್ಮಾತ್ತಾಗಿ ಮರಳು ಚೆಲ್ಲಿ, ಚೆಲ್ಲಿದ ಕಡೆಯೇ ಹುಲ್ಲು ಸೊಂಪಾಗಿ ಬಂದದ್ದನ್ನು ಅವರು ಗಮನಿಸಿದರಂತೆ. ಅಲ್ಲಿಂದ ಮುಂದೆ ಮರಳೋ ಮರಳು! ಅವರು ಸಾಕಿದ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಇಂದಿಗೂ, ದೊಡ್ಡ ಪಂದ್ಯಾವಳಿಗಳನ್ನು ಬಿಟ್ಟರೆ, ಭಾನುವಾರ ಆಟವಿಲ್ಲ. ಹುಲ್ಲಿಗೂ ವಾರದ ರಜೆ! ಊರಿನವರು ಅಂದು ಅಲ್ಲಿ ವಾಯುವಿಹಾರ ಮಾಡುತ್ತಾರೆ.

ಈಗ ಅಮೆರಿಕದ ಜಾರ್ಜಿಯಾಕ್ಕೆ ಬನ್ನಿ. ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಪಂದ್ಯಾವಳಿ ನಡೆಯುವ ಅಗಸ್ಟಾ ನ್ಯಾಷನಲ್. ಗ್ರೀನಿನ ಕಡೆಗೆ ಚಾಚಿದ ಅಲ್ಲಿನ ವಿಶಾಲ ಹುಲ್ಲುಹಾಸು, ಅಂದರೆ ಫೇರ್‌ವೇಯಲ್ಲಿ, ಬೇಸಿಗೆಯ ಹುಲ್ಲು ಯಾವುದು? ಬರ್ಮುಡಾ ಹುಲ್ಲು. ಅದು ಯಾರೆಂದುಕೊಂಡಿರಿ?

ನಮ್ಮ ಗರಿಕೆಯ ಬಳಗ! ಗಣಪತಿಗೆ ಏರಿಸುತ್ತೇವಲ್ಲ, ಅದೇ ಗರಿಕೆ!

ಗರಿಕೆಗೆ ಬಿಸಿಲು ಬೇಕು. ಅಲ್ಲಿನ ಚಳಿಗೆ ಅದು ಕಂದಾಗಿ ಮಲಗಿಬಿಡುತ್ತದೆ. ಅದಕ್ಕೇ ಚಳಿ ಬರುವ ಮೊದಲೇ, ಹೆಚ್ಚುಕಡಿಮೆ ನಮ್ಮ ಗಣೇಶನ ಹಬ್ಬದ ಆಸುಪಾಸಿನಲ್ಲಿ, ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಏಪ್ರಿಲ್‌ನಲ್ಲಿ ಟಿವಿಯಲ್ಲಿ ಕಾಣುವ ಹಸಿರು ಆ ರೈ! ಸೆಕೆ ಏರಿದಾಗ ರೈ ಸಾಯುತ್ತದೆ, ಗರಿಕೆ ಏಳುತ್ತದೆ. ಒಂದೇ ಮಣ್ಣು, ಎರಡು ಹುಲ್ಲು, ಎರಡು ಪಾಳಿ!

ಗ್ರೀನಿನದು ಇದಕ್ಕೆ ತದ್ವಿರುದ್ಧ ಕಷ್ಟ! 1981ರ ಮಾಸ್ಟರ್ಸ್‌ನಿಂದ ಅಲ್ಲಿರುವುದು ತಂಪು ಬಯಸುವ ಬೆಂಟ್ ಹುಲ್ಲು. ಜಾರ್ಜಿಯಾದ ಸೆಕೆಯಲ್ಲಿ ಅದರ ಬೇರು ಕುಗ್ಗುತ್ತದೆ. ಪರಿಹಾರವೇನು? ನೆಲದಡಿಯ ಕೊಳವೆಗಳಿಗೆ ಯಂತ್ರ ಜೋಡಿಸಿದರು! ಮಳೆ ಸುರಿದರೆ ಅದು ನೀರನ್ನು ಕೆಳಗಿನಿಂದ ಹೀರುತ್ತದೆ. ಬೇಕೆಂದಾಗ ಬೇರುಗಳಿಗೆ ಗಾಳಿ ಊದುತ್ತದೆ. ಸಾಲದ್ದಕ್ಕೆ, ಇಡೀ ಬೇಸಿಗೆ ಕ್ಲಬ್ಬಿಗೆ ಬೀಗ! ಮತ್ತೆ ಬಾಗಿಲು ತೆರೆಯುವುದು ಅಕ್ಟೋಬರಿನಲ್ಲಿ.

ಆಡುವವರು ತೂತು ಬಿದ್ದ, ಮರಳು ಮೆತ್ತಿದ ಗ್ರೀನ್ ಕಂಡರೆ ಗೊಣಗುತ್ತಾರೆ. ನೀವು ಮಾತ್ರ ಗೊಣಗಬೇಡಿ! ಮುಂದಿನ ತಿಂಗಳ ನುಣುಪು ತಯಾರಾಗುತ್ತಿರುವುದು ಅಲ್ಲಿಯೇ.

ನಂಬಿಕೆ ಬರಲಿಲ್ಲವೇ? ಏಳಿ, ಅಂಗಳಕ್ಕೆ ಹೋಗಿ! ಗರಿಕೆಯ ಒಂದು ಬಳ್ಳಿಯನ್ನು ಮೆಲ್ಲಗೆ ಎತ್ತಿ ನೋಡಿ. ಗೆಣ್ಣುಗೆಣ್ಣಿನಲ್ಲೂ ಬೇರು ಬಿಟ್ಟಿದೆಯಲ್ಲ? ದನ ಮೇಯ್ದರೂ, ಜನ ತುಳಿದರೂ ಮತ್ತೆ ಚಿಗುರುವ ಈ ಹಟವನ್ನೇ ನಂಬಿಕೊಂಡು ಅಷ್ಟು ದೊಡ್ಡ ಆಟ ನಡೆಯುತ್ತಿದೆ!